ಸಹನೆಯ ಜೀನು

ನನ್ನ ನಾದಿನಿ ಮನೆಗೆ ಬೀಗ ಹಾಕಿ, ಮೆಟ್ಟಿಲಿಳಿದು, ಬೀದಿಯ ತಿರುವಿನ ತನಕ ಬಂದ ಮೇಲೆ ನಿಲ್ಲುತ್ತಾಳೆ. ನಿಂತು, ಬೀಗ ಬಿದ್ದಿದೆಯೋ ಇಲ್ಲವೋ ನೋಡಲು ವಾಪಸು ಹೋಗುತ್ತಾಳೆ. ಬಿದ್ದೇ ಇರುತ್ತದೆ. ಅಷ್ಟರಲ್ಲಿ ನಮ್ಮ ಬಸ್ಸು ಕಣ್ಣೆದುರಿಗೇ ಹೊರಟುಹೋಗಿರುತ್ತದೆ. ಗ್ಯಾಸ್ ಆರಿಸಿದೆನಾ, ಇನ್ನೊಂದ್ಸಲ ನೋಡ್ತೀನಿ. ಇಸ್ತ್ರಿಪೆಟ್ಟಿಗೆ ತೆಗೆದೆನಾ, ಇನ್ನೊಂದ್ಸಲ. ಅವಳಿಗೆ ‘ಇನ್ನೊಂದ್ಸಲ’ ಎಂದೇ ಹೆಸರಿಟ್ಟವಳು ನನ್ನ ಹೆಂಡತಿ, ಅಂದರೆ ಅವಳ ಒಡಹುಟ್ಟಿದ ಅಕ್ಕ. ನಮ್ಮ ಮಹಡಿ ಮೇಲಿನ ಎರಡು ಕೋಣೆಗಳಲ್ಲಿ ಅವಳ ವಾಸ. ಆದ್ದರಿಂದ ಈ ಕಾಟವನ್ನು ನಾನು ಹತ್ತಿರದಿಂದ ಬಲ್ಲೆ.

ಹೊಟ್ಟೆಪಾಡಿಗೆ ಅವಳು ಮಾಡುವುದು ಗಿಡಗಳ ಜೀನೋಮುಗಳನ್ನು ಹೋಲಿಸುವ ಕೆಲಸ. ಇದನ್ನು ಬೀದಿಯವರು ‘ಗಿಡದ ಡಾಕ್ಟರು’ ಎಂದು ಅರ್ಥ ಮಾಡಿಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಯಾರಾದರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಬಾಡಿದ ಗುಲಾಬಿ ಎಲೆ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾರೆ. ತಾನು ಗಿಡ ಮುಟ್ಟುವುದೇ ಇಲ್ಲ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು ಎಂದು ಒಮ್ಮೆ ಎದುರುಮನೆಯ ನಿವೃತ್ತ ಮೇಷ್ಟ್ರಿಗೆ ಸಮಾಧಾನದಿಂದಲೇ ವಿವರಿಸಿದಳು. ಮೇಷ್ಟ್ರು ಎಲೆಯನ್ನು ಜೇಬಿಗೆ ಹಾಕಿಕೊಂಡು, “ಹಾಗಾದ್ರೆ ಸರಿಹೋಯ್ತಮ್ಮ, ನನ್ನ ಲ್ಯಾಪ್‌ಟಾಪ್ ತುಂಬಾ ನಿಧಾನ ಆಗಿದೆ, ಸ್ವಲ್ಪ ನೋಡು” ಎಂದರು.

ನನಗೆ ಅವಳು ವಿವರಿಸಿದ್ದು ಹೀಗೆ. ಜೀನೋಮು ಎಂದರೆ ಒಂದು ದಪ್ಪ ಪುಸ್ತಕ. ಅದರ ಹಲವು ಪ್ರತಿಗಳನ್ನು ಚೂರುಚೂರಾಗಿ ಹರಿದು ಗೋಣಿಚೀಲದಲ್ಲಿ ತುಂಬಿ ಯಾರೋ ಕೊಡುತ್ತಾರೆ. ಚೂರುಗಳ ಅಂಚು ಹೊಂದಿಸಿ ಮತ್ತೆ ಪುಸ್ತಕ ಕಟ್ಟಬೇಕು. ಹೀಗೆ ಹತ್ತಾರು ಗಿಡಗಳ ಪುಸ್ತಕ ಕಟ್ಟಿ ಪಕ್ಕಪಕ್ಕದಲ್ಲಿಟ್ಟು, ಯಾವ ಅಧ್ಯಾಯ, ಅಂದರೆ ಜೀನು, ಎಲ್ಲದರಲ್ಲೂ ಇದೆ, ಯಾವುದು ಒಂದರಲ್ಲೇ ಇದೆ ಎಂದು ನೋಡಬೇಕು. ಅವಳ ಪಿಎಚ್.ಡಿ. ಮುಗಿಯುವ ಹೊತ್ತಿಗೆ, ಯಾವ ಪುಸ್ತಕವನ್ನು ನಂಬಿ ಹೋಲಿಸುತ್ತಿದ್ದಳೋ ಅದನ್ನೇ ಇನ್ನಾರೋ ತಿದ್ದಿ ಹೊಸ ಆವೃತ್ತಿ ಹೊರಡಿಸಿದರು. ಪುಟಸಂಖ್ಯೆಯೆಲ್ಲ ಬದಲಾಯಿತು. ಬೇರೆಯವರು ಹಳೆಯದರಲ್ಲೇ ಮುಗಿಸಿ ಕೈತೊಳೆದುಕೊಂಡರು. ಇವಳು ಮೊದಲಿನಿಂದ ಶುರುಮಾಡಿದಳು. ಮದುವೆಯ ಮಾತು ತಂದವರೆಲ್ಲ ಕಾದು ಕಾದು ತಮ್ಮ ಹುಡುಗರಿಗೆ ಬೇರೆ ಕಡೆ ನೋಡಿಕೊಂಡರು. ಇವಳೂ ಅದನ್ನು ಇನ್ನೊಂದ್ಸಲ ನೋಡಲು ಹೋಗಲಿಲ್ಲ.

ಆಮೇಲಿನದು ಒಂದು ಸಂಶೋಧನಾ ಸಂಸ್ಥೆಯಲ್ಲಿ ತಾತ್ಕಾಲಿಕ ನೌಕರಿ. ಕೂದಲು ಪೂರ್ತಿ ಕಪ್ಪಗಿದ್ದಾಗ ಸೇರಿದ ಹುದ್ದೆ ಅರ್ಧ ನರೆತ ಮೇಲೂ ತಾತ್ಕಾಲಿಕವೇ. ಅವಳ ಕೋಣೆ ದೊಡ್ಡ ಕಂಪ್ಯೂಟರುಗಳ ಕೋಣೆಗೆ ಅಂಟಿಕೊಂಡಿದೆ. ಯಂತ್ರಗಳನ್ನು ತಂಪಾಗಿಡುವ ಏಸಿ ಸಂದಿಯಿಂದ ಇವಳನ್ನೂ ತಂಪಾಗಿಡುತ್ತದೆ. ಹೊರಗೆ ಜನ ಬೆವರು ಒರೆಸಿಕೊಳ್ಳುವ ದಿನಗಳಲ್ಲಿ ಇವಳು ಸ್ವೆಟರ್ ತೊಟ್ಟು ಆಫೀಸಿಗೆ ಹೊರಡುವುದನ್ನು ನೋಡಿ ಬೀದಿಯವರು ವೈದ್ಯರ ವಿಳಾಸ ಕೊಟ್ಟಿದ್ದೂ ಉಂಟು.

ಆ ಸಂಸ್ಥೆಯ ಮುಖ್ಯಸ್ಥರನ್ನು ಎಲ್ಲರೂ ‘ದೊಡ್ಡವರು’ ಎನ್ನುತ್ತಾರೆ. ಎತ್ತರದಲ್ಲಿ ಹಾಗೇನಿಲ್ಲ. ಬಂಡೆಸಂದಿನಲ್ಲಿ ಬೆಳೆದು, ತಿಂಗಳುಗಟ್ಟಲೆ ನೀರಿಲ್ಲದೆ ಬದುಕುವ ಒಂದು ಪುಟ್ಟ ಗಿಡ ಅವರ ಗುತ್ತಿಗೆ. ಅದರ ಜೀನೋಮನ್ನು ನಾದಿನಿ ಬೇರೆ ಗಿಡಗಳ ಜೊತೆ ಹೋಲಿಸಿದಾಗ, ಯಾವ ಗಿಡದಲ್ಲೂ ಇಲ್ಲದ ಒಂದು ಜೀನು ಅದರಲ್ಲಿ ಮಾತ್ರ ಕಂಡಿತು. ದೊಡ್ಡವರು ಅದಕ್ಕೆ ‘ಸಹನೆಯ ಜೀನು’ ಎಂದು ನಾಮಕರಣ ಮಾಡಿದರು. ಬರಗಾಲದಲ್ಲೂ ಗಿಡ ಬದುಕುವ ಗುಟ್ಟು ಇದೇ ಎಂದು ಊರೂರಲ್ಲಿ ಭಾಷಣ ಮಾಡಿದರು. ಸಂಸ್ಥೆಯ ಬಾಗಿಲಲ್ಲಿ ಗಿಡದ ಚಿತ್ರ ತೂಗುಹಾಕಿದರು, ಗಿಡದ ಪಕ್ಕದಲ್ಲಿ ಅವರು, ಇಬ್ಬರೂ ಒಂದೇ ಅಳತೆಯಲ್ಲಿ.

ಅದು ಗಿಡದ್ದೇ ಹೌದೋ ಎಂದು ನಾದಿನಿಗೆ ಮೊದಲಿನಿಂದಲೂ ಅನುಮಾನ. ಆ ಜೀನಿನ ಅಕ್ಕಪಕ್ಕ ಗಿಡದ ಬೇರೆ ಯಾವ ಜೀನೂ ಇಲ್ಲ, ತನ್ನ ಪಾಡಿಗೆ ಒಂಟಿಯಾಗಿ ಒಂದು ಚೂರಿನಲ್ಲಿದೆ ಎಂದು ಹೇಳಿ ನೋಡಿದಳು. ಅಸಾಧಾರಣವಾದದ್ದು ಯಾವಾಗಲೂ ಒಂಟಿಯೇ ಎಂದು ದೊಡ್ಡವರು ನಿಟ್ಟುಸಿರಿಟ್ಟರು. ಅದು ಜೀನಿನ ಬಗ್ಗೆ ಅಲ್ಲ, ತಮ್ಮ ಬಗ್ಗೆಯೇ ಹೇಳಿಕೊಂಡದ್ದು ಎಂದು ಅವಳಿಗೆ ಹೊಳೆಯಿತು. ಪ್ರಬಂಧ ಅಚ್ಚಾಯಿತು, ಅದರಲ್ಲಿ ಇವಳ ಹೆಸರೂ ಇತ್ತು. ಅದೇ ಜೀನಿನ ಬಲದ ಮೇಲೆ, ಬಹಳ ಕಾಲದ ನಂತರ ಸಂಸ್ಥೆಯಲ್ಲಿ ಒಂದು ಕಾಯಂ ಹುದ್ದೆ ಮಂಜೂರಾಗಿ ಬಂತು. ವಯಸ್ಸಿನ ಮಿತಿ ನೋಡಿದರೆ ಇವಳಿಗೆ ಇದೇ ಕೊನೆಯ ಅವಕಾಶ.

ಸಂದರ್ಶನಕ್ಕೆ ಒಂದು ವಾರ ಇತ್ತು. ಜಗತ್ತಿನಲ್ಲಿ ಯಾರು ಯಾವ ಜೀವಿಯ ಜೀನೋಮು ಓದಿದರೂ ತಂದು ಸುರಿಯುವ ಒಂದು ದೊಡ್ಡ ಭಂಡಾರವಿದೆಯಂತೆ. ಅದಕ್ಕೆ ಹೊಸ ಸರಕು ಬಂದಾಗಲೆಲ್ಲ ನಾದಿನಿ ತನ್ನ ಹಳೆಯ ಜೀನುಗಳನ್ನು ಅದರ ಎದುರಿಗೆ ಮತ್ತೆ ಹಿಡಿದು ನೋಡುತ್ತಾಳೆ. ಬೀಗ ನೋಡಿದಂತೆಯೇ, ಬಿದ್ದೇ ಇರುತ್ತದೆ. ಈ ಸಲ ಬಿದ್ದಿರಲಿಲ್ಲ. ಸಹನೆಯ ಜೀನು, ಯಾರೋ ಹೊಸದಾಗಿ ಓದಿ ಸೇರಿಸಿದ್ದ ಹಿಟ್ಟುತಿಗಣೆಯ ಜೀನೋಮಿನಲ್ಲಿ ಅಕ್ಷರಕ್ಕೆ ಅಕ್ಷರ ಸಿಕ್ಕಿತು. ಹಿಟ್ಟುತಿಗಣೆ ಎಂದರೆ ದಾಸವಾಳದ ಕವಲಿನಲ್ಲಿ ಹತ್ತಿಯಂತೆ ಅಂಟಿಕೊಂಡು ರಸ ಹೀರುವ ಬಿಳಿ ಹುಳ.

ಅವಳು ಸ್ವೆಟರಿನಲ್ಲೇ ಸಂಸ್ಥೆಯ ಹಸಿರುಮನೆಗೆ ಹೋದಳು. ವರ್ಷಗಳಿಂದ ಹೋಲಿಸುತ್ತಿದ್ದ ಗಿಡವನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಎಲೆಯ ಬುಡದಲ್ಲಿ ಬಿಳಿ ಹತ್ತಿ. ಅಂದು ಯಾರೋ ಎಲೆ ಕಿತ್ತು, ತೊಳೆಯದೆ, ಹುಳದ ಸಮೇತ ಅರೆದು ಜೀನೋಮು ಓದಿಸಿದ್ದರು. ತೊಳೆದ ಎಲೆಯನ್ನೂ ಹುಳ ಹತ್ತಿದ ಎಲೆಯನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿದಳು. ತೊಳೆದದ್ದರಲ್ಲಿ ಸಹನೆ ಇರಲಿಲ್ಲ.

ದೊಡ್ಡವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವರಿಗೆ ಇನ್ನೂ ದೊಡ್ಡದೊಂದು ಹೊಳೆಯಿತು: ಹುಳದ ಜೀನು ಗಿಡಕ್ಕೆ ದಾಟಿಕೊಂಡಿರಬಹುದು, ಇದು ಮೊದಲಿನದಕ್ಕಿಂತ ಮಹತ್ವದ ಶೋಧ. ತೊಳೆದ ಎಲೆಯ ಫಲಿತಾಂಶವನ್ನು ಇವಳು ಮತ್ತೆ ಮುಂದಿಟ್ಟಳು. ಅವರು ಕನ್ನಡಕ ತೆಗೆದು ಒರೆಸಿದರು.

“ಮೊದ್ಲು ಸಂದರ್ಶನ ಮುಗೀಲಿ. ಹುದ್ದೆ ನಿಮ್ಮ ಕೈಗೆ ಬರಲಿ. ಆಮೇಲೆ ನಿಧಾನವಾಗಿ ತಿದ್ದುಪಡಿ ಹಾಕೋಣ. ಸಿಕ್ಕಿದ್ದನ್ನ ಮತ್ತೆ ಮತ್ತೆ ಯಾಕೆ ಹುಡುಕ್ತೀರಿ ನೀವು?”

ಇದನ್ನು ಅವಳು ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಿದಾಗ ನನ್ನ ಹೆಂಡತಿ ದೊಡ್ಡವರ ಪಕ್ಷ ಸೇರಿದಳು.

“ನಾಲ್ಕು ದಿನ ಬಾಯಿ ಮುಚ್ಕೊಂಡಿರೋಕೆ ನಿಂಗೇನು ರೋಗ?”

“ಅಕ್ಕಾ, ಅದು ತಿಗಣೆದು.”

“ತಿಗಣೆಗೆ ಕಾಯಂ ನೌಕರಿ ಬೇಕಾಗಿಲ್ಲ. ನಿಂಗೆ ಬೇಕು.”

ನಾದಿನಿ ನನ್ನತ್ತ ತಿರುಗಿದಳು. “ಭಾವ, ನೀವು ಹೇಳಿ. ಆ ಜೀನನ್ನ ಬೇರೆ ಬೆಳೆಗೆ ಹಾಕೋಕೆ ಎರಡು ಕಡೆ ಶುರು ಮಾಡಿದ್ದಾರೆ. ಹುಡುಗ್ರು ಅದ್ರ ಮೇಲೇ ಪಿಎಚ್.ಡಿ. ಮಾಡ್ತಿದ್ದಾರೆ. ನಾನು ಸುಮ್ನಿದ್ದಷ್ಟು ದಿನ ಅವರು ಹುಳ ಸಾಕ್ತಿರ್ತಾರೆ.”

ಇಂಥ ಹೊತ್ತಿನಲ್ಲಿ ಕಾಫಿ ಆರಿಹೋಗುತ್ತಿದೆ ಎನ್ನುವುದು ನನ್ನ ಪದ್ಧತಿ. ಹಾಗೆಯೇ ಹೇಳಿದೆ. ಇಬ್ಬರೂ ನನ್ನನ್ನು ಒಂದೇ ಥರ ನೋಡಿದರು, ಅಕ್ಕತಂಗಿಯರೆಂದು ಯಾರಾದರೂ ಗುರುತಿಸಬಹುದಿತ್ತು.

ಸಂದರ್ಶನದಲ್ಲಿ ದೊಡ್ಡವರೇ ಅವಳನ್ನು ಪರಿಚಯಿಸಿದರಂತೆ. ಹೊರಗಿನಿಂದ ಬಂದ ಹಿರಿಯರೊಬ್ಬರು, ನಿಮ್ಮ ಅತ್ಯಂತ ಮುಖ್ಯವಾದ ಕೆಲಸ ಯಾವುದೆಂದು ಕೇಳಿದರು. ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರವೂ ಹೊರಗೆ ಬಾಗಿಲಲ್ಲೇ ತೂಗುತ್ತಿತ್ತು.

“ಸಹನೆಯ ಜೀನು ಗಿಡದ್ದಲ್ಲ, ಹಿಟ್ಟುತಿಗಣೆದು ಅಂತ ಕಂಡುಹಿಡಿದಿದ್ದು” ಎಂದಳು.

ಹಿರಿಯರು ದೊಡ್ಡವರನ್ನು ನೋಡಿದರು, ದೊಡ್ಡವರು ಚಾವಣಿ ನೋಡಿದರು. ಚಹಾ ಬಂತು.

ಯೋಗ್ಯ ಅಭ್ಯರ್ಥಿ ದೊರೆಯದ ಕಾರಣ ಹುದ್ದೆಯನ್ನು ಖಾಲಿ ಬಿಡಲಾಗಿದೆ ಎಂದು ಕೆಲವು ದಿನಗಳಲ್ಲಿ ತಿಳಿಯಿತು. ಇವಳ ತಾತ್ಕಾಲಿಕ ನೌಕರಿಯನ್ನು ಮಾತ್ರ, ಸಂಸ್ಥೆಯ ಹಳೆಯ ಜೀನೋಮುಗಳಲ್ಲೆಲ್ಲ ಇನ್ನೆಷ್ಟು ಹುಳಗಳಿವೆ ನೋಡಲೆಂದು ಮುಂದುವರಿಸಿದರು. ನನ್ನ ಹೆಂಡತಿ ಎರಡು ದಿನ ತಂಗಿಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ, ಹಾಳಾದ್ದು ಆ ಜೀನು ನಿನ್ನಲ್ಲಾದರೂ ಇದೆಯಲ್ಲ ಬಿಡು ಎಂದು ಊಟಕ್ಕೆ ಕರೆದಳು. ಅಚ್ಚಾಗಿದ್ದ ಪ್ರಬಂಧವನ್ನು ತಪ್ಪೆಂದು ಒಪ್ಪಿ ವಾಪಸು ತೆಗೆದುಕೊಂಡರು. ದೊಡ್ಡವರು ಈಗ ಊರೂರಲ್ಲಿ ‘ಸಂಶೋಧನೆಯಲ್ಲಿ ಎಲೆ ತೊಳೆಯುವುದರ ಮಹತ್ವ’ ಎಂಬ ವಿಷಯದ ಮೇಲೆ ಮಾತನಾಡುತ್ತಾರೆ. ಚೆನ್ನಾಗಿಯೇ ಮಾತನಾಡುತ್ತಾರಂತೆ.

ಮೊನ್ನೆ ಅವರು ಇವಳ ಚಳಿಕೋಣೆಯ ಬಾಗಿಲಿಗೆ ಬಂದು ನಿಂತರಂತೆ. ಇನ್ನೊಂದು ಗಿಡದಲ್ಲಿ, ಬೇರೆಲ್ಲೂ ಇಲ್ಲದ ಇನ್ನೊಂದು ಜೀನು ಸಿಕ್ಕಿದೆ. ಹೆಸರೂ ಯೋಚಿಸಿಟ್ಟಾಗಿದೆ. ಆದರೆ ಎಲ್ಲರಿಗೂ ಹೇಳುವ ಮೊದಲು ಸುಮ್ಮನೆ ಒಂದು ಮಾತು ಕೇಳಿಹೋಗೋಣ ಎಂದು ಬಂದೆ ಎಂದರಂತೆ. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ, ಹೊಸ್ತಿಲ ಮೇಲೇ ನಿಂತು ಕೊನೆಗೆ, “ನೀವು ಇನ್ನೊಂದ್ಸಲ ನೋಡ್ತೀರಾ?” ಎಂದರು.

ನಾದಿನಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಎಲೆ ತೊಳೆದಿದ್ರಾ ಸರ್?”