ಅಂಜನಪ್ಪನ ವಾತ ಪಿತ್ತ ಕಫದ ಬಸ್ಸು

ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಅಂಜನಪ್ಪ ಇಪ್ಪತ್ತಾರು ವರ್ಷದಿಂದ ಕಂಡಕ್ಟರ್. ಕಡ್ಡಿಯಂಥ ಆಸಾಮಿ. ಟಿಕೆಟ್ ಕೊಡುತ್ತಲೇ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಎಮ್ಮೆ ಕರು ಹಾಕಿತು ಎಂಬುದನ್ನೆಲ್ಲ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಮುಟ್ಟಿಸುತ್ತಿದ್ದ.

ಕಳೆದ ವರ್ಷ ಅವನಿಗೆ ಹೊಟ್ಟೆಯುಬ್ಬರ ಶುರುವಾಯಿತು. ಹೆಂಡತಿ ಹಾಲಮ್ಮ ಅವನನ್ನು ಆಯುರ್ವೇದದ ಡಾಕ್ಟರ್ ಅಪರ್ಣಾ ಅವರ ಬಳಿ ಎಳೆದುಕೊಂಡು ಹೋದಳು. ಡಾಕ್ಟರು ನಾಡಿ ಹಿಡಿದು ಪ್ರಶ್ನೆ ಕೇಳತೊಡಗಿದರು.

“ನಿದ್ದೆ ಹೇಗೆ ಬರತ್ತೆ?”

“ಬರತ್ತೆ ಮೇಡಂ. ಆದ್ರೆ ಸ್ಟಾಪ್ ಸ್ಟಾಪಿಗೂ ಎಚ್ಚರ ಆಗತ್ತೆ.”

“ಬಸ್ಸಲ್ಲಲ್ಲ, ಮನೇಲಿ ಮಲಗಿದಾಗ?”

“ಮನೇದೇ ಹೇಳ್ತಿರೋದು.”

“ಮಾತು ಜಾಸ್ತಿನಾ?”

“ನಂದಾ? ಏನಾದ್ರೂ ಕೇಳಿದ್ರೆ ಅಷ್ಟೇ...”

ಹಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. “ಜಾಸ್ತಿ ಅಂತ ಬರ್ಕಳಿ ಡಾಕ್ಟ್ರೇ.”

“ನಿಮ್ಮದು ವಾತ ಪ್ರಕೃತಿ” ಎಂದರು ಡಾಕ್ಟರು. ತೆಳು ಮೈ, ಒಣ ಚರ್ಮ, ಚಡಪಡಿಕೆ, ಮಾತು ಇದ್ದರೆ ವಾತ. ಬೆವರು, ಹಸಿವು, ಸಿಟ್ಟು ಹೆಚ್ಚಿದ್ದರೆ ಪಿತ್ತ. ತುಂಬಿದ ಮೈ, ತಾಳ್ಮೆ, ಗಾಢ ನಿದ್ದೆ ಕಫದ ಲಕ್ಷಣ ಎಂದು ವಿವರಿಸಿದರು. “ಆದ್ರೆ ಬರೀ ಮುಖ ನೋಡಿ ಹೇಳಕ್ಕಾಗಲ್ಲ” ಎಂದೂ ಸೇರಿಸಿದರು. ಅಷ್ಟರಲ್ಲಿ ಅಂಜನಪ್ಪ ಬಾಗಿಲಾಚೆ ತೂಕಡಿಸುತ್ತಿದ್ದ ರೋಗಿಯನ್ನು ನೋಡಿ ಕಫವೆಂದು ತೀರ್ಮಾನಿಸಿಯಾಗಿತ್ತು.

ಮರುದಿನದಿಂದ ಬಸ್ಸಿನಲ್ಲಿ ಹೊಸ ಕಾನೂನು ಬಂತು. ವಾತದವರಿಗೆ ಗಾಳಿ ಆಗದು, ಕಿಟಕಿ ಬಿಟ್ಟು ಈಚೆ ಕೂರಬೇಕು. ಪಿತ್ತದವರಿಗೆ ತಂಪು ಬೇಕು, ಅವರಿಗೆ ಕಿಟಕಿ. ಕಫದವರಿಗೆ ಕಟ್ಟಕಡೆಯ ಸೀಟು. ಅಲ್ಲಿಯ ಕುಲುಕಾಟಕ್ಕೆ ಕಫ ಕರಗುತ್ತದೆ ಎಂಬುದು ಅವನ ಸ್ವಂತ ಸಂಶೋಧನೆ.

“ಅಲ್ಲ ಮಾರಾಯ, ನಾನು ನನ್ನ ಹೆಂಡ್ತಿ ಒಟ್ಟಿಗೆ ಕೂತ್ಕೊಳ್ಳೋದು ಬೇಡ್ವಾ?” ಎಂದು ಗೌರೀಶ ಮೇಷ್ಟ್ರು ಕೇಳಿದರು.

“ಆಗಲ್ಲ ಮೇಷ್ಟ್ರೇ. ನೀವು ವಾತ, ಅಮ್ಮಾವ್ರು ಪಿತ್ತ. ಒಂದೇ ಸೀಟಿಗೆ ಹೊಂದಲ್ಲ.”

ಮೇಷ್ಟ್ರ ಹೆಂಡತಿ ಕಿಟಕಿ ಪಕ್ಕ ನೆಮ್ಮದಿಯಾಗಿ ಕೂತು, “ಅವ್ರು ಹೇಳಿದ್ಮೇಲೆ ಮುಗೀತು, ನೀವು ಅಲ್ಲೇ ಇರಿ” ಎಂದರು.

ಡ್ರೈವರ್ ಜಟ್ಟಿಂಗಪ್ಪನಿಗೂ ಕುತೂಹಲ. “ನಂದು ಯಾವ್ದೋ?”

“ನಿಂದು ಮೂರೂ. ಏರಲ್ಲಿ ಕಫ, ಇಳಿಜಾರಲ್ಲಿ ವಾತ, ಎದುರಿಗೆ ಲಾರಿ ಬಂದ್ರೆ ಪಿತ್ತ.”

ಪಿತ್ತದವರೆಲ್ಲ ಕಿಟಕಿ ಹಿಡಿದಿದ್ದರಿಂದ ಗಾಜು ಸರಿಸುವ ವಿಷಯಕ್ಕೆ ದಿನವೂ ಜಗಳ. ವಾತದವರ ಹರಟೆಯಲ್ಲಿ ಸೀಟಿ ಕೇಳಿಸದೆ ಜಟ್ಟಿಂಗಪ್ಪ ಎರಡು ಸ್ಟಾಪು ದಾಟಿಸಿದ. ತನ್ನ ವಿಂಗಡಣೆ ಸರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಅಂಜನಪ್ಪ ಬೀಗಿದ.

ಒಂದು ಭಾನುವಾರ ತೀರ್ಥಹಳ್ಳಿಯಲ್ಲಿ ಉಮಾಮಹೇಶ್ವರ ಎಂಬುವರು, ಅವರ ಹೆಂಡತಿ, ಇಬ್ಬರು ತಂಗಿಯರು ಹತ್ತಿದರು. ಹೊಸನಗರದಲ್ಲಿ ಮಗನ ನಿಶ್ಚಿತಾರ್ಥ. ಮಗ ಮೊದಲೇ ಅಲ್ಲಿಗೆ ಹೋಗಿದ್ದ, ಉಂಗುರ ಇವರ ಜೇಬಿನಲ್ಲಿ. ನಾಲ್ವರೂ ಗುಂಡುಗುಂಡಗೆ, ಶಾಂತ ಮುಖದವರು. ಅಂಜನಪ್ಪನ ಕಣ್ಣರಳಿತು. “ಬನ್ನಿ ಬನ್ನಿ, ನಿಮ್ಗೆ ಹಿಂದಿನ ಸೀಟು!”

ಹೊಸನಗರದಲ್ಲಿ ಬಸ್ಸು ನಿಂತಾಗ ಅವನು ಇಬ್ಬರು ಪಿತ್ತದವರ ಗಾಜಿನ ಜಗಳ ಬಿಡಿಸುತ್ತಿದ್ದ. ಸಾಗರದಲ್ಲಿ ಎಲ್ಲರೂ ಇಳಿದ ಮೇಲೆ ನೋಡಿದರೆ ಹಿಂದಿನ ಸೀಟಿನಲ್ಲಿ ನಾಲ್ವರೂ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೊಡೆಯುತ್ತಿದ್ದರು. ಅಂಜನಪ್ಪ ಅವರನ್ನು ಅಲುಗಿಸಿ ಎಬ್ಬಿಸಿದ.

“ಹೊಸನಗರ ಬಂತಾ?” ಉಮಾಮಹೇಶ್ವರ ಕಣ್ಣುಜ್ಜಿಕೊಂಡರು.

“ಬಂದಿತ್ತು” ಎಂದ ಅಂಜನಪ್ಪ.

ಹುಡುಗಿ ಮನೆಗೆ ಫೋನ್ ಮಾಡಿ ತಪ್ಪೆಲ್ಲ ತನ್ನದೇ ಎಂದು ಅವನೇ ಒಪ್ಪಿಕೊಂಡ. ವಾಪಸು ಹೊರಟಾಗ, “ಇನ್ಮೇಲೆ ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ” ಎಂದು ಬಸ್ಸಿಗೆಲ್ಲ ಕೇಳುವಂತೆ ಸಾರಿದ. ಆ ನಾಲ್ವರನ್ನು ಮಾತ್ರ ಕೂರಲು ಬಿಡದೆ, ಮುಂದೆ ನಿಲ್ಲಿಸಿಕೊಂಡು ಮಾತಾಡಿಸುತ್ತಲೇ ಬಂದ. ಆದರೂ ಬಟ್ಟೆಮಲ್ಲಪ್ಪದ ಹತ್ತಿರ ಚಿಕ್ಕ ತಂಗಿ ಕಂಬಿ ಹಿಡಿದು ನಿಂತಲ್ಲೇ ಗೊರಕೆ ಹೊಡೆದರು.

ಹೊಸನಗರದಲ್ಲಿ ಬಸ್ಸಿಗೆ ಊಟದ ವಿರಾಮ. ಅಂಜನಪ್ಪ ತಾನೇ ಅವರನ್ನು ಹುಡುಗಿ ಮನೆಗೆ ಮುಟ್ಟಿಸಿ, ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಅಜ್ಜಿ ಶೇಷಮ್ಮನವರಿಗೆ ಕೈಮುಗಿದು ನಡೆದದ್ದೆಲ್ಲ ಹೇಳಿದ. ಉಂಗುರ ತೊಡಿಸಿದ್ದಾಯಿತು. ಅಜ್ಜಿ ಅವನನ್ನೂ ಪಂಕ್ತಿಯಲ್ಲಿ ಕೂರಿಸಿ, ಪಾಯಸ ಹಾಕಿಸಿ, ಎದುರಿಗೆ ಬಂದು ಕೂತರು.

“ನಂದು ಯಾವ ಪ್ರಕೃತಿ ಹೇಳು ನೋಡಣ.”

“ಬೇಡ ಅಮ್ಮಾ, ಅದೆಲ್ಲ ಬಿಟ್ಬಿಟ್ಟೆ.”

“ಹೇಳೋ ಅಂದ್ರೆ!”

ಅಂಜನಪ್ಪ ತಡೆದುಕೊಳ್ಳಲು ನೋಡಿದ. ಆಗಲಿಲ್ಲ. “ಪಿತ್ತ” ಅಂದುಬಿಟ್ಟ.

“ಯಾರಿಗೋ ಪಿತ್ತ? ನಂಗಾ? ಈ ಜನ್ಮದಲ್ಲಿ ಯಾರ ಮೇಲಾದ್ರೂ ಸಿಟ್ಟು ಮಾಡಿದೀನಾ ನಾನು? ಕೇಳು ಯಾರನ್ನಾದ್ರೂ!” ಅಜ್ಜಿ ಗುಡುಗಿದ ಅಬ್ಬರಕ್ಕೆ ಬಡಿಸುವವನ ಸೌಟು ಕೆಳಗೆ ಬಿತ್ತು. ಪಂಕ್ತಿಯವರೆಲ್ಲ ತಲೆ ತಗ್ಗಿಸಿ ಗಬಗಬನೆ ಉಣ್ಣತೊಡಗಿದರು.

ಅಂಜನಪ್ಪ ಪಾಯಸ ಅರ್ಧಕ್ಕೇ ಬಿಟ್ಟು, ಎಂಜಲು ಕೈಯಲ್ಲೇ ಬಸ್ ಸ್ಟ್ಯಾಂಡಿನ ಕಡೆ ಓಡಿದ.