ಅವರ ಹೆಸರು ಹುಡುಕಿದವರಿಗೆ

ಕಾಕು ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಬಲಗಿವಿಯ ಹತ್ತಿರ. ಎಡಗಿವಿ ಮಂದವಿತ್ತೆಂದು ನನ್ನ ನೆನಪು. ಅವರ ಸೊಸೆ ಒಪ್ಪುವುದಿಲ್ಲ. ಮುರಿಯುವಾಗ ಕಣ್ಣು ಮುಚ್ಚುತ್ತಿದ್ದುದು ಮಾತ್ರ ನಿಜ. "ಮುರಿದ್ರ ಸಪ್ಪಳ ಬರಬೇಕು," ಎನ್ನುವರು. ಬಾರದಿದ್ದರೆ ಇಡೀ ಗಂಟನ್ನು ಬಿಚ್ಚಿ ಮತ್ತೆ ಹಂಚಿನ ಶಾಖಕ್ಕೆ ಇಡಿಸುವರು.

ಕಡಗಂಚಿಯ ಯೂನಿವರ್ಸಿಟಿಯಲ್ಲಿ ಎಂ.ಎ. ಓದುವಾಗ ಎರಡು ವರ್ಷ ಆಳಂದದ ಅವರ ಮನೆಯ ಮಾಳಿಗೆ ಕೋಣೆಯಲ್ಲಿದ್ದೆ. ಓಣಿಯೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಎಂದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ಲೇ ಯೂನಿವರ್ಸಿಟಿ, ಉಣ್ಣಾಕ ಬರ್ತೀಯೋ, ಪುಸ್ತಕಾನೇ ತಿಂತೀಯೋ?" ಎಂದು ಕೆಳಗಿನಿಂದ ಕೂಗುವರು.

ಅವರ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಸೊಲ್ಲಾಪುರ, ಪುಣೆ, ಹೈದರಾಬಾದಿಗೆಲ್ಲ ಪಾರ್ಸೆಲ್ ಹೋಗುತ್ತಿದ್ದವು. ಮಾಲಿಗೆ ತಮ್ಮ ಅತ್ತೆಯ ಹೆಸರಿಟ್ಟಿದ್ದರು. ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವ ಅರ್ಜಿ ತುಂಬಿದವನು ನಾನೇ. ತುಂಬುತ್ತಲೇ, ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ ಎಂದು ವಾದವನ್ನೂ ಮಾಡಿದ್ದೆ. "ಆಯ್ತಪ್ಪ, ಮೊದಲ ಫಾರಂ ತುಂಬು," ಎಂದಿದ್ದರು.

ಅವರದೊಂದು ಪದ್ಧತಿಯಿತ್ತು. ತಮ್ಮ ಹೆಸರು ಹೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಒಮ್ಮೆ ಮಾದನಹಿಪ್ಪರಗಾದ ಬಸ್ಸಿನಿಂದ ಇಳಿದು ಯಾರೋ ಮನೆ ಕೇಳುತ್ತ ಬಂದಾಗ ಮಾರುವ ರೊಟ್ಟಿ ತೀರಿತ್ತು. ನಮ್ಮ ಊಟದ ಬುಟ್ಟಿಯನ್ನೇ ಎತ್ತಿ ಕೊಟ್ಟರು. ಆ ದಿನ ಬರೀ ಅನ್ನ ಉಂಡೆವು. ನಾನು ನಕ್ಕೆ ಎಂದುಕೊಂಡಿದ್ದೇನೆ. ಮುಖ ಊದಿಸಿಕೊಂಡು ಕೂತಿದ್ದೆ ಎಂದು ಸೊಸೆ ಹೇಳುತ್ತಾರೆ.

ಓದು ಮುಗಿದು ಕೆಲವು ಕಾಲ ಅಲ್ಲಿ ಇಲ್ಲಿ ಅಲೆದು, ಜೇವರ್ಗಿಯಲ್ಲಿ ಒಂದು ಕೋಣೆ ಹಿಡಿದು, ಅಂಗಡಿಗಳಿಗೆ ಇಂಟರ್‌ನೆಟ್ ಜಾಹೀರಾತು ಮಾಡಿಕೊಡುವ ಕೆಲಸ ಶುರು ಮಾಡಿದೆ. ಅಫಜಲಪುರದ ಕಡೆಯ ಒಂದು ರೊಟ್ಟಿ ಕಾರ್ಖಾನೆಯವರು ಗಿರಾಕಿಯಾದರು. ಜನ ಮೊಬೈಲಿನಲ್ಲಿ ಏನೆಂದು ಹುಡುಕಿದಾಗ ನಮ್ಮ ಜಾಹೀರಾತು ಮೇಲೆ ಬರಬೇಕು ಎಂಬ ಪದಗಳ ಪಟ್ಟಿಯನ್ನು ನಾವು ಹುಡುಕಾಟದ ಕಂಪನಿಗೆ ಕೊಡಬೇಕು. ರೊಟ್ಟಿ, ಹಿಂಡಿ ಎಂದೆಲ್ಲ ಕೊಟ್ಟು, ಕೊನೆಗೆ ಕಾಕು ಅವರ ಮಾಲಿನ ಹೆಸರನ್ನೂ ಸೇರಿಸಿದೆ. ಆ ಹೆಸರನ್ನು ಎಷ್ಟು ಜನ ಹುಡುಕುತ್ತಾರೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾಲ್ಕೈದು ತಿಂಗಳ ಮೇಲೆ ಕಾಕು ಬಸ್ಸು ಬದಲಿಸುತ್ತ ಜೇವರ್ಗಿಗೆ ಬಂದರು. ಕೈಯಲ್ಲಿ ರೊಟ್ಟಿಯ ಗಂಟು.

"ಯೂನಿವರ್ಸಿಟಿ, ಈ ಮೊಬೈಲಿನಾಗ ಯಾರೋ ಆಟಾ ಆಡಾಕತ್ತಾರಪ್ಪ. ಪುಣೆದಾಕಿ ಫೋನ್ ಮಾಡಿ ನಿಮ್ಮ ರೊಟ್ಟಿ ಮೆತ್ತಗಾಗ್ಯಾವ ಅಂದಳು. ನಾ ಕಳಿಸೇ ಇಲ್ಲ! ಹಿಂಗ ಆರು ಮಂದಿ ಆದ್ರು. ಎಲ್ಲಾರಿಗೂ ಬ್ಯಾರೆ ರೊಟ್ಟಿ ಕಳಿಸೇನಿ."

"ಅವು ನಿಮ್ಮ ರೊಟ್ಟಿ ಅಲ್ಲಲ್ರಿ ಕಾಕು. ನೀವ್ಯಾಕ ಕಳಿಸಿದ್ರಿ?"

"ನನ್ನ ಹೆಸರ ಹುಡುಕೊಂಡೇ ಹೊಂಟಿದ್ರಲ್ಲೋ."

ಹಳೆಯ ಗಿರಾಕಿಗಳ ಆರ್ಡರ್ ಅರ್ಧ ನಿಂತಿದೆ, ರೊಟ್ಟಿ ಬಡಿಯುವ ನಾಲ್ವರಲ್ಲಿ ಇಬ್ಬರಿಗೆ ಬರಬೇಡ ಎಂದಿದ್ದೇನೆ, ಎಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಹುಡುಕಿ ತೋರ್ಸು. ಚಾಳೀಸ ತಂದಿಲ್ಲ, ನೀನ ಓದು."

ಅವರ ಮಾಲಿನ ಹೆಸರು ಒತ್ತಿದೆ. ಎಲ್ಲಕ್ಕೂ ಮೇಲೆ ನನ್ನ ಜಾಹೀರಾತು. ಓದಿದೆ: "ಮುರಿದರೆ ಸಪ್ಪಳ ಬರುವ ರೊಟ್ಟಿ."

ಬರೆಯುವಾಗ ಆ ಸಾಲು ನನ್ನದೇ ಎಂದುಕೊಂಡಿದ್ದೆ. ಗಟ್ಟಿಯಾಗಿ ಓದಿದಾಗ ಯಾರದೆಂದು ತಿಳಿಯಿತು.

ಕಾಕು ಈಗ ನನ್ನ ಮುಖ ನೋಡಿದರು. ನಾನೇ ಮಾತು ಬೆಳೆಸಿದೆ. "ಜಾಹೀರಾತಿನಾಗ ನಿಮ್ಮ ಹೆಸರಿಲ್ರಿ. ಹುಡುಕೋ ಪದಗಳ ಪಟ್ಟಿಯೊಳಗ ಇಟ್ಟಾರ, ಅದು ಹೊರಗ ಕಾಣೂದಿಲ್ಲ. ತಪ್ಪೋ ಸರಿಯೋ, ಕೋರ್ಟಿನಾಗೂ ವಾದ ನಡದಾವು."

"ಕೋರ್ಟ್ ಬಿಡು. ನಮ್ಮ ಓಣ್ಯಾಗ ನನ್ನ ಮನಿ ಕೇಳಿದವರನ್ನ ಕೈ ಹಿಡಿದು ತನ್ನ ಮನಿಗೆ ಕರ್ಕೊಂಡ ಹೋದ್ರ ಏನಂತಾರ?"

ವ್ಯಾಪಾರ ಅಂತಾರ್ರಿ ಎಂದೆನೋ, ಸುಮ್ಮನಿದ್ದೆನೋ. ಸುಮ್ಮನಿದ್ದೆ ಎಂದು ನಂಬಲು ಇಷ್ಟ. ಅವರು ಎದ್ದು ಹೊರಟಾಗ "ಯಾರಂತ ಹುಡುಕ್ತೇನ್ರಿ," ಎಂದೆ. ಗಂಟನ್ನು ಮೇಜಿನ ಮೇಲಿಟ್ಟು, "ಗಾಳಿಗಿ ಇಡಬ್ಯಾಡ, ಮೆತ್ತಗಾಗ್ತಾವ," ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆದರು.

ಅಂದೇ ಅವರ ಮಾಲಿನ ಹೆಸರನ್ನು ಪಟ್ಟಿಯಿಂದ ತೆಗೆದೆ, ಆ ಸಾಲನ್ನೂ ಅಳಿಸಿದೆ. ತಿಂಗಳೊಳಗೆ ಕಾರ್ಖಾನೆಯವರು ಬೇರೆಯವರನ್ನು ಹಿಡಿದರು. ಆ ಮೇಲೆ ಆಳಂದಕ್ಕೆ ಎರಡು ಮೂರು ಸಲ ಹೋಗಿ ಉಂಡು ಬಂದೆ. ನಾನೇ ಮಾಡಿದ್ದು ಎಂದು ಹೇಳಲಿಲ್ಲ. ಅವರೂ ಆ ವಿಷಯ ಎತ್ತಲಿಲ್ಲ, ಮರೆತಿದ್ದಾರೆ ಎಂದು ತಿಳಿದೆ.

ಹೋದ ವರ್ಷ ಕಾಕು ತೀರಿಕೊಂಡರು. ಮಣ್ಣು ಮಾಡುವಾಗ ಹೋಗಲಾಗಲಿಲ್ಲ, ಮೂರನೆಯ ದಿನ ಹೋದೆ. ಹಂಚುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಆ ದಿನದ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲದ್ದರಿಂದ ಸೊಸೆಯನ್ನು ಕೇಳಿದೆ: "ವೈನಿ, ಅವತ್ತ ಜೇವರ್ಗಿಯಿಂದ ಬಂದು ಕಾಕು ಏನಂದ್ರು?"

"ಏನಿಲ್ರಿ. ಕಾಲು ತೊಳ್ಕೊಂಡ್ರು. ಬಿಡಿಸಿದ ಇಬ್ರಿಗೂ ನಾಳಿಂದ ಬರಾಕ ಹೇಳು ಅಂದ್ರು. ಅಷ್ಟ ಲಗೂ ಹ್ಯಾಂಗ್ರಿ ಅತ್ತಿ, ಅಂದೆ. 'ಯೂನಿವರ್ಸಿಟಿಗೆ ಹೇಳಿ ಬಂದೇನಿ, ಇವತ್ತ ತಗದ ಹಾಕ್ತಾನ,' ಅಂದ್ರು."

ಹುಡುಕುತ್ತೇನೆ ಎಂದಷ್ಟೇ ನಾನು ಅವರಿಗೆ ಹೇಳಿದ್ದು. ಈ ಬರಹದಲ್ಲಿ ನನಗೆ ಅನುಮಾನವಿಲ್ಲದ್ದು ಅದೊಂದೇ.