ಬಿಕ್ಕೋಡಿನಿಂದ ನಡುಬೆಂಚಿಗೆ

ಎಪ್ಪತ್ತೆಂಟನೆಯ ಇಸವಿಯ ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಅರಸೀಕೆರೆಯಲ್ಲಿ ಬೇಲೂರು ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಬಟ್ಟೆಚೀಲ, ಅದರೊಳಗೆ ಒಂದು ಜೊತೆ ಬಟ್ಟೆ ಮತ್ತು ಹೆಂಡತಿ ಕಟ್ಟಿಕೊಟ್ಟ ನಾಲ್ಕು ರೊಟ್ಟಿ. ಕೋಟಿನ ಒಳಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದ. ಹುಟ್ಟಿದಾಗಿನಿಂದ ಅರಸೀಕೆರೆಯಲ್ಲೇ ಇದ್ದು, ರೈಲ್ವೆ ಪಾಸಿನಲ್ಲಿ ಮದರಾಸು ಬೊಂಬಾಯಿಗಳನ್ನೆಲ್ಲ ನೋಡಿ ಬಂದವನು, ಪಕ್ಕದ ಬೇಲೂರು ಹಳೇಬೀಡುಗಳನ್ನು ಅದುವರೆಗೆ ಕಂಡಿರಲಿಲ್ಲ. ಆ ದಿನ ಹೊರಟದ್ದೂ ಗುಡಿ ನೋಡಲು ಅಲ್ಲ. ಬಿಕ್ಕೋಡಿನ ಹತ್ತಿರ ಕಾಫಿ ತೋಟವೊಂದರಲ್ಲಿ ಕೂಲಿ ಮಾಡಿಕೊಂಡಿದ್ದ ನನ್ನ ತಮ್ಮ ಜೀವರತ್ನನನ್ನು ಕರೆದುಕೊಂಡು ಬರಲು. ಕರೆದುಕೊಂಡೇ ಬರುತ್ತೇನೆಂದು ಹಟ ತೊಟ್ಟು ಹೊರಟಿದ್ದೆ.

ನನ್ನ ಹೆಸರು ಸಮಾಧಾನಪ್ಪ. ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲ ಎಂದು ಮನೆಯವರೆಲ್ಲ ಒಪ್ಪಿದ್ದಾರೆ. ರೈಲ್ವೆಯಲ್ಲಿ ಸಿಗ್ನಲ್ ಲಿವರ್ ಎಳೆಯುವ ಕ್ಯಾಬಿನ್ ಕೆಲಸ, ಭಾನುವಾರ ನಮ್ಮ ಪುಟ್ಟ ಚರ್ಚಿನಲ್ಲಿ ಹಿರಿಯನ ಕೆಲಸ. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ತಪ್ಪು ಮಾಡಿ ಶಿಸ್ತಿಗೆ ಒಳಗಾದವರು ಬಾಗಿಲ ಪಕ್ಕದ ಹಿಂದಿನ ಬೆಂಚಿಗೆ. ಹೀಗೆ ಯಾರು ಎಲ್ಲಿ ಕೂರಬೇಕೆಂದು ನೋಡಿಕೊಳ್ಳುವುದು ನನ್ನ ಪಾಲಿನ ಜವಾಬ್ದಾರಿ. ಎರಡು ಕೆಲಸವನ್ನೂ ಒಂದೇ ರೀತಿಯಲ್ಲಿ ಮಾಡಿಕೊಂಡು ಬಂದಿದ್ದೆ. ಹೊರಗಿನ ಸಿಗ್ನಲ್ಲಿನಲ್ಲಿ ನಿಂತ ಗಾಡಿ ಎಷ್ಟು ಸೀಟಿ ಹಾಕಿದರೂ, ಅಪ್ಪಣೆ ಬರದೆ ನಾನು ಲಿವರ್ ಎಳೆಯುವವನಲ್ಲ.

ಜೀವರತ್ನ ನಮ್ಮ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಕುಡಿತ ಕಲಿತ. ಆರು ವರ್ಷದ ಹಿಂದೆ ಕ್ರಿಸ್‌ಮಸ್ ಬೆಳಿಗ್ಗೆ ಕುಡಿದೇ ಬಂದು, ಎಡವಿ, ಪವಿತ್ರ ಭೋಜನದ ಮೇಜಿನ ಮೇಲೆ ಬಿದ್ದ. ದ್ರಾಕ್ಷಾರಸವೆಲ್ಲ ಬಿಳಿಯ ಬಟ್ಟೆಯ ಮೇಲೆ ಚೆಲ್ಲಿತು. ನಾನೇ ಅವನ ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಿ, ನನ್ನ ಕೈಯಾರೆ ಬಾಗಿಲಿಗೆ ಅಗುಳಿ ಹಾಕಿದೆ. ಅವನು ಊರೇ ಬಿಟ್ಟು ಹೋದ. ಬಿಕ್ಕೋಡಿನ ಕಡೆ ತೋಟ ಸೇರಿದ್ದಾನೆಂದು ಆಮೇಲೆ ತಿಳಿಯಿತು. ಅವನ ಮಗಳು ಸುಗುಣ ನಮ್ಮ ಮನೆಯಲ್ಲೇ ಬೆಳೆದಳು. ಈಗ ಅವಳಿಗೆ ಮದುವೆ ಗೊತ್ತಾಗಿ, ಬರುವ ಬುಧವಾರವೇ ದಿನ ನಿಂತಿತ್ತು. ನಮ್ಮಲ್ಲಿ ಮದುಮಗಳನ್ನು ತಂದೆ ಕೈಹಿಡಿದು ಒಳಗೆ ಕರೆತರಬೇಕು. ನಾನು ಕರೆತರುತ್ತೇನೆ ಎಂದಾಗ ಸುಗುಣ ತಲೆ ಅಲ್ಲಾಡಿಸಿದಳು.

"ದೊಡ್ಡಪ್ಪ, ನೀವು ಸಾಕಿದ್ದೀರಿ, ಇಲ್ಲ ಅನ್ನೋಲ್ಲ. ಆದ್ರೆ ಅಪ್ಪ ಬರದೆ ನಾನು ಆ ಬಾಗಿಲು ದಾಟೋಲ್ಲ."

ಹಿರಿಯರು ಸೇರಿ ಮಾತಾಡಿದೆವು. ಜೀವರತ್ನ ಮೊದಲು ತಪ್ಪೊಪ್ಪಿಗೆಗೆ ಸಹಿ ಹಾಕಲಿ, ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರಲಿ, ಆಮೇಲೆ ಮಗಳ ಕೈ ಹಿಡಿಯಲಿ ಎಂದು ತೀರ್ಮಾನವಾಯಿತು. ಕಾಗದವನ್ನು ಬರೆದವನು ನಾನೇ. ರೈಲ್ವೆಯ ಮೆಮೊಗಳನ್ನು ಓದಿ ಓದಿ ನನ್ನ ಕನ್ನಡವೂ ಹಾಗೇ ಆಗಿತ್ತು: 'ಇನ್ನು ಮುಂದೆ ಮದ್ಯವನ್ನು ಮುಟ್ಟುವುದಿಲ್ಲವೆಂದು ಈ ಮೂಲಕ ವಾಗ್ದಾನ ಮಾಡುತ್ತೇನೆ.'

ಜಾವಗಲ್ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಅಲ್ಲಿ ಒಬ್ಬ ಮುದುಕ ಕಂಬಳಿಯಲ್ಲಿ ಸುತ್ತಿದ ಕುರಿಮರಿಯನ್ನು ಎದೆಗವಚಿಕೊಂಡು ಹತ್ತಿ ನನ್ನ ಪಕ್ಕ ಕೂತ. ಮರಿಯ ಮುಂಗಾಲಿಗೆ ಬಟ್ಟೆ ಕಟ್ಟಿತ್ತು. ಕಂಡಕ್ಟರ್ ಅದಕ್ಕೂ ಲಗೇಜು ಟಿಕೆಟ್ ಹರಿದ. ಮುದುಕ ಗೊಣಗಲಿಲ್ಲ. ಮರಿ ಮಂದೆಯಿಂದ ತಪ್ಪಿಸಿಕೊಂಡಿತ್ತಂತೆ, ಮೂರು ದಿನ ಹುಡುಕಿದ ಮೇಲೆ ಸಿಕ್ಕಿತಂತೆ.

"ಕೂಗಿದರೆ ಬರೋದಿಲ್ವೇ ಅಜ್ಜ?" ಎಂದೆ.

"ಎಲ್ಲಿ ಬತ್ತದೆ ಸ್ವಾಮಿ! ತಪ್ಪಿಸ್ಕಂಡ ಕುರಿ ಹೆದರಿ ಬೇಲಿ ಮಗ್ಗುಲಾಗೆ ಮುದುರ್ಕಂಡು ಕೂತ್ಬಿಡ್ತದೆ. ನಮ್ಮ ದನಿ ಕೇಳಿದ್ರೂ ಓಗೊಡಾಕಿಲ್ಲ. ಹೋಗಿ ಹೊತ್ಕಂಡೇ ಬರಬೇಕು."

"ಈಗ ಒಯ್ದು ಮಂದೆಗೆ ಬಿಡ್ತೀರಿ?"

"ನಡುಮಂದೆಗೆ ಬಿಡಬೇಕು. ಅಂಚಿಗೆ ಬಿಟ್ರೆ ಮಿಕ್ಕವು ಗುಮ್ಮಿ ಆಚೆಗೆ ತಳ್ತವೆ, ಮತ್ತೆ ಹೋಯ್ತದೆ. ನಡುವೆ ಬಿಟ್ರೆ ಸುತ್ತಲ ಮೈ ತಾಗಿ, ಬಿಸಿ ಹತ್ತಿ, ತನ್ನ ಜಾಗ ಐತೆ ಅಂತ ಅದಕ್ಕೇ ತಿಳೀತದೆ."

ನಾನು ಆರು ವರ್ಷದಲ್ಲಿ ತಮ್ಮನಿಗೆ ನಾಲ್ಕು ಕಾಗದ ಬರೆದಿದ್ದೆ. ತಪ್ಪೊಪ್ಪಿಕೊಂಡು ಬಾ, ಬಾಗಿಲು ತೆರೆಯುತ್ತೇವೆ ಎಂದು. ಒಂದಕ್ಕೂ ಉತ್ತರ ಬರದಿದ್ದಾಗ, ಕರೆಯುವುದು ನನ್ನ ಧರ್ಮ, ಬಾರದಿರುವುದು ಅವನ ಕರ್ಮ ಎಂದುಕೊಂಡು ನೆಮ್ಮದಿಯಾಗಿದ್ದೆ. ಮುದುಕನ ಮಾತು ಚುಚ್ಚಿತು. ಅವನು ಹಳೇಬೀಡಿನಲ್ಲಿ ಇಳಿದುಹೋದ ಮೇಲೂ ನನ್ನ ಕೋಟಿಗೆ ಕುರಿಯ ವಾಸನೆ ಅಂಟಿಕೊಂಡಿತ್ತು.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರು. ಅಲ್ಲಿ ಇಳಿದು ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಅನ್ನ, ಹುರುಳಿಕಾಳಿನ ಸಾರು ಉಂಡೆ. ರೊಟ್ಟಿಯನ್ನು ತಮ್ಮನಿಗೆಂದು ಹಾಗೇ ಇಟ್ಟುಕೊಂಡೆ. ಬಿಕ್ಕೋಡಿನ ಬಸ್ಸು ಬರುವುದು ಒಂದೂವರೆ ಗಂಟೆ ತಡವಾಯಿತು. ಎದುರಿಗೇ ಗೋಪುರ ಕಾಣುತ್ತಿತ್ತು. "ಸುಮ್ನೆ ಕೂರೋ ಬದ್ಲು ಗುಡಿ ನೋಡ್ಕಂಡು ಬರಬಾರ್ದಾ ಸಾರ್?" ಎಂದ ಹೋಟೆಲಿನವನು. ಬಸ್ಸು ತಪ್ಪಿದರೆ ಎಂಬ ಭಯಕ್ಕೆ ನಾನು ಕಲ್ಲುಬೆಂಚು ಬಿಟ್ಟು ಏಳಲಿಲ್ಲ.

ಬಿಕ್ಕೋಡಿನಲ್ಲಿ ಇಳಿದು ಒಂದೂವರೆ ಮೈಲಿ ನಡೆದೆ. ಬಯಲುಸೀಮೆಯ ಒಣಗಾಳಿಗೆ ಒಗ್ಗಿದವನಿಗೆ ಆ ತೋಟಗಳ ನೆರಳಿನ ತಂಪು ಮೂಳೆಗೆ ತಾಗುತ್ತಿತ್ತು. ತೋಟದ ಕಣದಲ್ಲಿ ಕಾಫಿಹಣ್ಣು ಹರವಿತ್ತು. ಬೆನ್ನು ಬಾಗಿಸಿ ಅದನ್ನು ಎಳೆದು ತಿರುವಿಹಾಕುತ್ತಿದ್ದ ಬಡಕಲು ಆಳು ತಲೆ ಎತ್ತಿ ನೋಡಿದ, ಕೈಯಲ್ಲಿದ್ದುದನ್ನು ಅಲ್ಲೇ ಬಿಸಾಡಿ ಗೋದಾಮಿನ ಹಿಂದಕ್ಕೆ ಹೋದ. ನನ್ನ ತಮ್ಮ! ನನಗಿಂತ ಎಂಟು ವರ್ಷ ಚಿಕ್ಕವನು ನನಗಿಂತ ಮುದುಕನಾಗಿದ್ದ. ನಾನೂ ಹಿಂದೆಯೇ ಹೋದೆ.

"ಯಾಕ್ ಬಂದೆ ಅಣ್ಣ?"

"ಸುಗುಣಂಗೆ ಬುಧವಾರ ಮದುವೆ ಕಣೋ. ನೀನು ಬರಬೇಕು."

ಅವನು ಗೋಡೆಗೆ ಒರಗಿ ನಿಂತ. ಅಳುತ್ತಾನೆ ಎಂದುಕೊಂಡೆ, ಅಳಲಿಲ್ಲ. ಹುಡುಗ ಯಾರು, ಏನು ಕೆಲಸ, ಒಳ್ಳೆಯವನಾ ಎಂದು ಮೂರು ಸಲ ಕೇಳಿದ. ರೊಟ್ಟಿ ಕೊಟ್ಟೆ. ತಿಂದ. ಮುಗಿಯಲೆಂದು ಕಾದಿದ್ದು ಕಾಗದ ತೆಗೆದೆ. ಅವನು ಅದನ್ನು ನಿಧಾನವಾಗಿ ಓದಿ, ನನ್ನ ಪೆನ್ನನ್ನೂ ಕಾಗದವನ್ನೂ ಹಿಂದಕ್ಕೆ ಕೊಟ್ಟ.

"ಇನ್ನು ಮುಂದೆ ಮುಟ್ಟಲ್ಲ ಅಂತ ಬರ್ದಿದ್ದೀಯ. ಮೊನ್ನೆ ಕೂಡ ಕುಡಿದಿದ್ದೀನಿ ಅಣ್ಣ. ಬಿಡ್ತೀನಿ, ಮತ್ತೆ ಹಿಡೀತೀನಿ. ದೇವರ ಮುಂದೆ ಸುಳ್ಳು ಸಹಿ ಹಾಕಿ ಮಗಳ ಕೈ ಹಿಡೀಲಾ? ಪೂರ್ತಿ ಬಿಟ್ಟ ದಿನ ನಾನೇ ಬತ್ತೀನಿ."

"ಬುಧವಾರ ನಿನಗಾಗಿ ಕಾಯುತ್ತದೇನೋ?" ಎಂದು ರೇಗಿದೆ. ಅರಸೀಕೆರೆಗೆ ಬಾ, ಸಹಿಯ ಮಾತು ಅಲ್ಲಿ ನೋಡೋಣ ಎಂದು ಗಂಟೆಗಟ್ಟಲೆ ಪೀಡಿಸಿ ಒಪ್ಪಿಸಿದೆ. ರಾತ್ರಿ ಕೂಲಿಗಳ ಲೈನ್ ಮನೆಸಾಲಿನ ಅವನ ಕೋಣೆಯಲ್ಲಿ ಒಂದೇ ಕಂಬಳಿಯಲ್ಲಿ ಮಲಗಿದೆವು.

ಶನಿವಾರ ಮಂಜು ಕರಗುವ ಮೊದಲೇ ಹೊರಟೆವು. ಬೇಲೂರಿನಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಅವನು ಮಗಳ ಬಗ್ಗೆ ಕೇಳುವುದನ್ನೂ ನಿಲ್ಲಿಸಿದ. ಹಳೇಬೀಡಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ ಎಂದರು. "ಕಾಫಿ ಕುಡ್ಕಂಡು ಬತ್ತೀನಿ" ಎಂದು ಇಳಿದವನು ಬರಲಿಲ್ಲ. ಕಂಡಕ್ಟರ್ ಸೀಟಿ ಹಾಕಿದ. ನಾನು ಎರಡು ಚೀಲಗಳನ್ನೂ ಎಳೆದುಕೊಂಡು ಕೆಳಗೆ ಧುಮುಕಿದೆ. ಬಸ್ಸು ಹೋಯಿತು.

ಮೊದಲು ನೋಡಿದ್ದು ಸಾರಾಯಿ ಅಂಗಡಿ. ಅಲ್ಲಿರಲಿಲ್ಲ. ದೊಡ್ಡ ಗುಡಿಯ ಸುತ್ತ ಒಂದು ಪ್ರದಕ್ಷಿಣೆಯೇ ಆಯಿತು. ಲೋಕವೆಲ್ಲ ನೋಡಲು ಬರುವ ಆ ಗೋಡೆಯ ಆನೆ, ಕುದುರೆ, ಹಂಸಗಳ ಸಾಲನ್ನು ನಾನು ಎರಡು ಚೀಲ ಹೊತ್ತು, ಬೆವರು ಸುರಿಸಿಕೊಂಡು, ಮನುಷ್ಯರ ಮುಖ ಹುಡುಕುತ್ತಾ ಓಡುತ್ತಲೇ ನೋಡಿದೆ. ಕೆರೆಯ ಏರಿಯ ಕಡೆ ಮುಖಮಾಡಿ "ಜೀವಾ" ಎಂದು ಕೂಗಿದೆ. ಓಗೊಡಲಿಲ್ಲ. ರಸ್ತೆಯಲ್ಲಿ ದಿನಸಿ ಅಂಗಡಿಯ ಜೈನರೊಬ್ಬರು ನನ್ನ ಅವಸ್ಥೆ ನೋಡಿ ಕರೆದರು.

"ನಿಮ್ಮಂಥದೇ ಮೂಗಿನ ಮನುಷ್ಯರೊಬ್ರು ನಮ್ಮ ಬಸದಿ ಕಡೆ ಹೋದ್ರು. ಗೋಡೆ ಪಕ್ಕ ಕೂತಿದ್ದಾರೆ, ನೋಡಿ. ಬೈಬೇಡಿ, ಪಾಪ. ಅಲ್ಲಿ ಬಂದು ಕೂತೋರನ್ನ ಯಾಕೆ ಬಂದ್ರಿ ಅಂತ ನಾವು ಕೇಳೋದಿಲ್ಲ."

ಬಸದಿಯ ಪೌಳಿಗೋಡೆಯ ನೆರಳಿನಲ್ಲಿ, ಮೊಣಕಾಲಿಗೆ ಗದ್ದ ಹಚ್ಚಿ, ಮುದುರಿಕೊಂಡು ಕೂತಿದ್ದ.

"ನಾನು ಕೂಗಿದ್ದು ಕೇಳಿಸಲಿಲ್ವೇನೋ?"

"ಕೇಳಿಸ್ತು."

ಅವನು ಅಂಗೈಗಳನ್ನು ಮೊಣಕಾಲುಗಳ ನಡುವೆ ಅವುಚಿಕೊಂಡ. "ಸಾರಾಯಿ ಅಂಗಡಿ ವಾಸನೆ ಎಳೀತು ಅಣ್ಣ. ಅದಕ್ಕೇ ಓಡಿಬಂದು ಇಲ್ಲಿ ಕೂತೆ. ಇಂಥೋನನ್ನ ಕರ್ಕೊಂಡು ಹೋಗಿ ಏನ್ ಮಾಡ್ತೀಯ? ಆ ಕ್ರಿಸ್‌ಮಸ್ ದಿನ ನೀನು ಅಗುಳಿ ಹಾಕಿದ್ಮೇಲೆ ಆರಾಧನೆ ಮುಗಿಯೋಗಂಟ ಮೆಟ್ಟಿಲ ಮೇಲೇ ಕೂತಿದ್ದೆ. ಹಾರ್ಮೋನಿಯಂ ಇಲ್ದೆ ಹಾಡಿದ್ರಿ. ಶ್ರುತಿ ತಪ್ಪಿತ್ತು."

ನಾನು ಅವನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಅವನು ಹೊರಗೆ ಮೆಟ್ಟಿಲ ಮೇಲಿದ್ದ, ಒಳಗೆ ನಾನು ದೇವರ ಪ್ರೀತಿಯನ್ನು ಹಾಡುತ್ತಿದ್ದೆ! ಒಮ್ಮೆಯಾದರೂ ಅಗುಳಿ ತೆಗೆದು ನೋಡಿದೆನೇ? ದೇವರು ದಾರಿ ತಪ್ಪಿದವರನ್ನು ತಾನೇ ಹುಡುಕಿಕೊಂಡು ಬರುತ್ತಾನೆ, ಅವರು ಯೋಗ್ಯರಾಗಲಿ ಎಂದು ಕಾಯುವುದಿಲ್ಲ, ಅವನ ಕೃಪೆ ಬಿಟ್ಟಿಯಾಗಿ ಬರುವಂಥದು ಎಂದು ಇಪ್ಪತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವನು ನಾನು. ಹೇಳೋದು ಪುರಾಣ, ತಿನ್ನೋದು ಬದನೇಕಾಯಿ. ಅಂಥ ದೇವರ ಬಾಗಿಲಿಗೆ ಕಾವಲು ನಿಂತು, ಸಹಿ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದಿದ್ದೆ. ನನ್ನ ತಮ್ಮನೂ ಅದನ್ನೇ ನಂಬಿ, ಮೊದಲು ಸರಿಯಾಗುತ್ತೇನೆ ಎಂದು ಆರು ವರ್ಷ ಕಾದು ಕೂತಿದ್ದ. ನಾಚಿಕೆಯಿಂದ ನನ್ನ ಮುಖ ಸುಟ್ಟಿತು.

"ಅಗುಳಿ ಹಾಕಿದ್ದು ನನ್ನ ತಪ್ಪು ಕಣೋ ಜೀವಾ. ಕ್ಷಮಿಸು," ಎಂದೆ. ತಮ್ಮನಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. "ಸಹಿ ಬೇಡ. ಹೇಗಿದ್ದೀಯೋ ಹಾಗೇ ಬಾ."

"ನಾಳೆ ಮತ್ತೆ ಕುಡಿದ್ರೆ?"

"ನಾಳೆ ಮತ್ತೆ ಹುಡುಕ್ತೀನಿ. ಹಳೇಬೀಡಿನ ಸಂದಿಗೊಂದಿ ಈಗ ನನಗೆ ಗೊತ್ತಾಗಿದೆ."

ಅವನಿಗೆ ನಗು ಬಂತು. ನಗುತ್ತಲೇ ಅತ್ತ. ಅವನ ಚೀಲವನ್ನು ನಾನು ಅವನಿಗೆ ಕೊಡಲಿಲ್ಲ, ಒಂದು ಕೈಯಲ್ಲಿ ಎರಡೂ ಚೀಲ, ಇನ್ನೊಂದು ಕೈಯಲ್ಲಿ ಅವನ ರಟ್ಟೆ ಹಿಡಿದು ರಸ್ತೆಗೆ ಬಂದೆ. ಅಂಗಡಿಯ ಜೈನರು ಇಬ್ಬರಿಗೂ ಮಜ್ಜಿಗೆ ಕೊಟ್ಟರು. ಎರಡು ಗಂಟೆಗೆ ಮುಂದಿನ ಬಸ್ಸು ಸಿಕ್ಕಿತು. ಈ ಸಲ ಅವನನ್ನು ಕಿಟಕಿಯ ಕಡೆ ಕೂರಿಸಿ ನಾನು ಹೊರಗಿನ ಸೀಟಿನಲ್ಲಿ ಕೂತೆ. ಕೃಪೆ ಬೇರೆ, ಎಚ್ಚರಿಕೆ ಬೇರೆ. ಜಾವಗಲ್ ದಾಟಿದ ಮೇಲೆ ಅವನು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ಸಂಜೆ ಮನೆ ಸೇರಿದಾಗ ಸುಗುಣ ಬಾಗಿಲಲ್ಲೇ ನಿಂತಿದ್ದಳು. "ಅಪ್ಪ" ಎಂದವಳೇ ಅವನ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗಿಟ್ಟಳು.

ಭಾನುವಾರ ಚರ್ಚಿನ ಅಂಗಳದಲ್ಲಿ ಪಾದ್ರಿಗಳು ನನ್ನನ್ನು ಪಕ್ಕಕ್ಕೆ ಕರೆದರು. ಸಹಿಯಿಲ್ಲದ ಕಾಗದವನ್ನು ಅವರ ಕೈಗೆ ಕೊಟ್ಟೆ.

"ಸಮಾಧಾನಪ್ಪನವರೇ, ಹಿರಿಯರು ಕೇಳಿದರೆ ಏನು ಹೇಳ್ತೀರಿ?"

"ಕರೆದರೆ ಬರಲಿಲ್ಲ, ಹೋಗಿ ಹೊತ್ಕೊಂಡು ಬಂದೆ ಅಂತ ಹೇಳ್ತೀನಿ. ಶಿಸ್ತು ಬೇಕಾದರೆ ಮೊದಲು ನನ್ನನ್ನು ಹಿಂದಿನ ಬೆಂಚಿಗೆ ಹಾಕಿ. ಅಗುಳಿ ಹಾಕಿದವನು ನಾನು."

ಅವರು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಒಳಗೆ ಬರುತ್ತಲೇ ಜೀವರತ್ನ ತಾನಾಗಿ ಹಿಂದಿನ ಬೆಂಚಿಗೆ ಹೊರಳಿದ. ನಾನು ರಟ್ಟೆ ಬಿಡಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ನಡುವಿನ ಬೆಂಚಿನ ತನಕ ನಡೆಸಿಕೊಂಡು ಹೋದೆ. ಬೆಂಚು ತುಂಬಿತ್ತು. "ಸ್ವಲ್ಪ ಸರೀರಪ್ಪ" ಎಂದೆ. ಮೊದಲು ಯಾರೂ ಅಲ್ಲಾಡಲಿಲ್ಲ. ನಾನೂ ಅಲ್ಲಾಡಲಿಲ್ಲ. ಆಮೇಲೆ ಒಬ್ಬರು ಸರಿದರು, ಅವರ ಪಕ್ಕದವರು ಸರಿದರು, ನಡುವೆ ಒಬ್ಬನಷ್ಟು ಜಾಗವಾಯಿತು. ಜೀವರತ್ನ ಆ ಕಡೆ ಈ ಕಡೆಯವರ ಭುಜಕ್ಕೆ ಭುಜ ತಾಗಿಸಿ ಕೂತ.

ಮೊದಲ ಹಾಡು ಶುರುವಾದಾಗ ಸುಗುಣ ಹೆಂಗಸರ ಸಾಲಿನಿಂದ ಎದ್ದಳು. ನಡುದಾರಿ ದಾಟಿ ಗಂಡಸರ ಕಡೆಗೆ ಬಂದು, ಅಪ್ಪನ ಪಕ್ಕ ಒತ್ತರಿಸಿಕೊಂಡು ಕೂತು, ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನಮ್ಮ ಚರ್ಚಿನಲ್ಲಿ ಅಂಥದು ಎಂದೂ ನಡೆದಿರಲಿಲ್ಲ. ಆದರೂ ನಿನ್ನ ಜಾಗಕ್ಕೆ ಹೋಗಮ್ಮ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದ ಹಿರಿಯ ನಾನೇ.